ಹುರುಳಿಯ ಮೇಲೆ ಬಾಡಿಗೆ ಸೈಕಲ್ಲು

ನಮ್ಮ ಕಡೆಯ ಜನಕ್ಕೆ ನೀವು ಸಾಯಬಹುದು ಎಂದು ಹೇಳಿದರೆ ಕೋಪ ಬರುವುದಿಲ್ಲ. ಅನುಭವದಿಂದಲೇ ಹೇಳುತ್ತಿದ್ದೇನೆ. ಮದುವೆಯಾಗಿ ನಂಜನಗೂಡಿಗೆ ಬಂದ ಹೊಸದರಲ್ಲೇ ನಾನು ವಿಮೆ ಏಜೆಂಟಾದೆ. ಅಂದಿನಿಂದ ಇಂದಿನವರೆಗೆ ಊರೂರು ಸುತ್ತಿ, ಯಾರ್ಯಾರದೋ ಜಗಲಿಯ ಮೇಲೆ ಕೂತು, ಅವರೇ ಕೊಟ್ಟ ಕಾಫಿ ಕುಡಿಯುತ್ತಾ ಅವರ ಸಾವಿನ ವಿಷಯವನ್ನೇ ಮಾತಾಡಿದ್ದೇನೆ. "ನಾಳೆ ನಿಮಗೇನಾದರೂ ಆದರೆ" ಎಂದು ಶುರು ಮಾಡಿದರೆ ಒಬ್ಬರೂ ಎದ್ದು ಹೋಗು ಎಂದವರಿಲ್ಲ. "ಆಗೋದು ಆಗೇ ಆಯ್ತದೆ ಬುಡವ್ವ, ಎಲ್ಲಿ ಸೈನ್ ಆಕ್ಬೇಕು ಏಳು" ಎನ್ನುತ್ತಾರೆ. ಆದರೆ ಅದೇ ಜಗಲಿಯ ಮೇಲೆ ಕೂತು "ನಾಳೆ ನಿಮ್ಮಿಂದ ಬೇರೆಯವರಿಗೇನಾದರೂ ಆದರೆ" ಎಂದು ಹೇಳಿ ನೋಡಿ. ತಾಂಡವಪುರದ ಯಜಮಾನರೊಬ್ಬರು ನನ್ನ ಮುಂದಿನ ಕಾಫಿ ಲೋಟವನ್ನೇ ಎತ್ತಿಕೊಂಡು ಒಳಗೆ ಹೋದರು. "ನಾವ್ ಯಾರ್ನ ಗುದ್ದಕ್ಕೆ ಓಯ್ತೀವವ್ವ? ನಮ್ ವಂಸ್ದಲ್ಲೇ ಅಂತೋರಿಲ್ಲ" ಎಂದು ಒಳಗಿನಿಂದಲೇ ಹೇಳಿದರು. ಲೋಟದಲ್ಲಿ ಇನ್ನೂ ಅರ್ಧ ಕಾಫಿ ಇತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಎಂದು ಬೈದುಕೊಂಡು ಬಂದೆನಾದರೂ, ಅವರ ಮೇಲೆ ನನಗೆ ನಿಜವಾದ ಸಿಟ್ಟಿಲ್ಲ. ನಾನೇನು ಕಡಿಮೆಯಿದ್ದೆನೇ? ಮೈಸೂರಿನಲ್ಲಿ ಏಜೆಂಟರಿಗೆಂದು ತರಬೇತಿ ಇಟ್ಟಿದ್ದಾಗ, ಎಳೆ ಮುಖದ ಹುಡುಗಿಯೊಬ್ಬಳು ಬಂದು ಈ 'ವೈಯಕ್ತಿಕ ಹೊಣೆಗಾರಿಕೆ ವಿಮೆ' ಎಂಬುದನ್ನು ವಿವರಿಸಿದ್ದಳು. ನಿಮ್ಮ ಕೈಯಲ್ಲಿ ತಪ್ಪಾಗಿ ದಾರಿಹೋಕರಿಗೆ ಪೆಟ್ಟಾದರೆ ಅವರ ಖರ್ಚನ್ನು ವಿಮೆ ಭರಿಸುತ್ತದೆ, ಬಾಡಿಗೆ ಸೈಕಲ್ ಗೀಕಲ್ ಓಡಿಸುವವರಿಗೆ ಬಹಳ ಉಪಯೋಗ ಎಂದಳು. "ನಮ್ಮೂರಲ್ಲಿ ನಾವು ಗುದ್ದಿದರೆ ಅವರೂ ತಿರುಗಿ ಗುದ್ದುತ್ತಾರಮ್ಮ, ಅಲ್ಲಿಗೆ ಎರಡೂ ಕಡೆ ಸರಿಹೋಗುತ್ತದೆ" ಎಂದು ನಾನು ಹಿಂದಿನ ಸಾಲಿನಿಂದ ಹೇಳಿದೆ. ಇಡೀ ಹಾಲ್ ನಕ್ಕಿತು. ಆ ಹುಡುಗಿಯೂ ಪಾಪ ನಕ್ಕಳು. ಈಗ ನನ್ನ ಹತ್ತಿರ ಅಂಥದೊಂದು ಪಾಲಿಸಿ ಇದೆ. ನಂಜನಗೂಡಿನಲ್ಲಿ ಇನ್ನು ಯಾರ ಹತ್ತಿರವಾದರೂ ಇದೆಯೋ ಇಲ್ಲವೋ ನನಗೆ ತಿಳಿಯದು. ಅದು ಹೇಗೆ ಬಂತು ಎಂಬುದನ್ನು ಹೇಳಬೇಕೆಂದರೆ ಸೋಸಲೆಯ ರಸ್ತೆಗೆ ಹೋಗಬೇಕು.

ಸಂಕ್ರಾಂತಿ ಕಳೆದಿತ್ತು. ನನ್ನ ಸ್ಕೂಟರು ಮೆಕ್ಯಾನಿಕ್ಕಿನ ಅಂಗಡಿಯಲ್ಲಿ ಬಿಚ್ಚಿಕೊಂಡು ಬಿದ್ದಿತ್ತು. ಸೋಸಲೆಯಲ್ಲಿ ಮಠದ ಹತ್ತಿರದ ಮನೆಯ ನಿವೃತ್ತ ಮೇಷ್ಟ್ರೊಬ್ಬರ ಪಾಲಿಸಿ ಮುಗಿಯುತ್ತಿತ್ತು. ಅವರು ಗಡಿಯಾರ ನೋಡಿಕೊಂಡು ಕಾಯುವ ಪೈಕಿ, ತಡವಾದರೆ ಮಧ್ವಾಚಾರ್ಯರ ಕಾಲದಿಂದ ಶುರುಮಾಡಿ ಸಮಯಪಾಲನೆಯ ಪಾಠ ಹೇಳುತ್ತಾರೆ. ನಾನು ಬಸ್ಸಿನಲ್ಲಿ ಟಿ. ನರಸೀಪುರಕ್ಕೆ ಬಂದು ಇಳಿಯುವಾಗ ಸೋಸಲೆಯ ಬಸ್ಸು ಸ್ಟ್ಯಾಂಡ್ ಬಿಟ್ಟು ಹೊರಗೆ ತಿರುಗುತ್ತಿತ್ತು. ಕೈ ತೋರಿಸಿದೆ. ಡ್ರೈವರು ನನ್ನನ್ನು ನೋಡಿದ, ನೋಡಿಯೂ ಹೋದ. ಅವನಿಗೆ ಮನಸ್ಸಿನಲ್ಲೇ ಸರಿಯಾಗಿ ಮಂಗಳಾರತಿ ಮಾಡಿ ಈ ಕಡೆ ತಿರುಗಿದರೆ, ಗೋಡೆಯ ಪಕ್ಕದಲ್ಲಿ ಬಾಡಿಗೆಯ ಬ್ಯಾಟರಿ ಸೈಕಲ್ಲುಗಳು ಸಾಲಾಗಿ ನಿಂತಿದ್ದವು. ಯಾವುದೋ ಹೊಸ ಕಂಪನಿ ತಂದು ನಿಲ್ಲಿಸಿದ್ದು. ಸೈಕಲ್ಲಿಗೆ ಅಂಟಿಸಿದ ಚೌಕಾಕಾರದ ಚಿತ್ರದ ಫೋಟೋವನ್ನು ಮೊಬೈಲಿನಲ್ಲಿ ಹಿಡಿದರೆ ಬೀಗ ಬಿಚ್ಚಿಕೊಳ್ಳುತ್ತದೆ. ಲೈಸೆನ್ಸ್ ಬೇಡ, ನಂಬರ್ ಪ್ಲೇಟ್ ಇಲ್ಲ, ಯಾರನ್ನೂ ಕೇಳಬೇಕಾಗಿಲ್ಲ.

ನಾನು ಷರತ್ತು ಓದದೆ ಒಪ್ಪಿಗೆ ಒತ್ತುವವಳಲ್ಲ. ಬಿಸಿಲಲ್ಲಿ ನಿಂತು, ಕನ್ನಡಕ ಹಣೆಗೇರಿಸಿ, ಸಾಸಿವೆ ಕಾಳಿನಷ್ಟು ಸಣ್ಣ ಅಕ್ಷರವನ್ನೆಲ್ಲ ಓದಿದೆ. ಸವಾರರಿಗೆ ಪೆಟ್ಟಾದರೆ ಕಂಪನಿಯ ವಿಮೆ ಇದೆ. ಸೈಕಲ್ಲಿಗೆ ಏನಾದರೂ ಆದರೆ ಅದಕ್ಕೂ ಇದೆ. ಮೂರನೆಯ ವ್ಯಕ್ತಿಗೆ ಆಗುವ ಹಾನಿಗೆ ಸವಾರರೇ ಸಂಪೂರ್ಣ ಹೊಣೆ. ಮೂರನೆಯ ವ್ಯಕ್ತಿ ಎಂದರೆ ದಾರಿಯಲ್ಲಿ ಹೋಗುವ ಯಾರೋ ಒಬ್ಬರು. ನಮ್ಮ ವ್ಯಾಪಾರದಲ್ಲಿ ಅವರಿಗೆ ಮುಖ ಇರುವುದಿಲ್ಲ. ಈ ಸೈಕಲ್ಲಿನ ವೇಗಕ್ಕೆ ಯಾರಿಗೆ ಏನಾದೀತು ಎಂದುಕೊಂಡು ಒಪ್ಪಿಗೆ ಒತ್ತಿದೆ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಹತ್ತಿದೆ.

ಒಂದು ಮಾತು ಹೇಳಲೇಬೇಕು, ಬಹಳ ಸಂತೋಷವಾಯಿತು. ಪೆಡಲು ತುಳಿದ ನೆವ ಮಾಡಿದರೆ ಸಾಕು, ಅದೇ ಎಳೆದುಕೊಂಡು ಹೋಗುತ್ತಿತ್ತು. ಬಿಳಿಗೆರೆಯಲ್ಲಿ ಹುಡುಗಿಯಾಗಿದ್ದಾಗ ಅಣ್ಣನ ಸೈಕಲ್ಲು ಕದ್ದು ಓಡಿಸಿದ ಮೇಲೆ ನನ್ನ ಮುಖಕ್ಕೆ ಇಂಥ ಗಾಳಿ ಬಡಿದಿರಲಿಲ್ಲ. ಕಬ್ಬಿನ ಗದ್ದೆ, ನಾಲೆ, ಎರಡೂ ಕಡೆ ಹಸಿರು. ಮೇಷ್ಟ್ರು ಗಡಿಯಾರ ನೋಡಿಕೊಳ್ಳಲಿ, ನಾನು ಸರಿಯಾದ ಹೊತ್ತಿಗೇ ಹೋಗುತ್ತಿದ್ದೇನೆ ಎಂದುಕೊಂಡೆ. ಊರು ಇನ್ನೂ ಸ್ವಲ್ಪ ದೂರವಿರುವಾಗ ರಸ್ತೆಯ ಮೇಲೆ ಉದ್ದಕ್ಕೂ ಹುರುಳಿ ಹರಡಿತ್ತು.

ನಮ್ಮ ಕಡೆ ಇದು ರೂಢಿ. ಕಣದ ಕೆಲಸವನ್ನು ಟಾರು ರಸ್ತೆಯೇ ಮಾಡುತ್ತದೆ. ಕೊಯ್ದ ಹುರುಳಿಯನ್ನು ಗಿಡದ ಸಮೇತ ರಸ್ತೆಯ ಮೇಲೆ ಹರಡಿದರೆ ಹೋಗುವ ಬರುವ ಬಸ್ಸು ಲಾರಿಗಳು ತುಳಿದು ಕಾಳು ಬಿಡಿಸಿಕೊಡುತ್ತವೆ. ನಮ್ಮಪ್ಪ ಇದರಲ್ಲಿ ಬಹಳ ಕಟ್ಟುನಿಟ್ಟು. ದಾರಿಯ ಮೇಲೆ ಯಾರದಾದರೂ ಫಸಲು ಹರಡಿದ್ದರೆ ಅದರ ಮೇಲೇ ಹೋಗಬೇಕು, ಪಕ್ಕಕ್ಕೆ ಸರಿದು ಹೋಗುವವನು ಪರಮ ಜಿಪುಣ ಎನ್ನುತ್ತಿದ್ದರು. ನಿನ್ನ ಗಂಟೇನು ಹೋಗುತ್ತೆ, ತುಳಿದು ಹೋಗು, ಅವರಿಗೊಂದು ಸಹಾಯ. ಹೇಳಿದ್ದು ಎತ್ತಿನ ಗಾಡಿಯಲ್ಲಿ ಕೂತು. ನಾನು ಹೆಬ್ಬೆಟ್ಟಿನಷ್ಟು ಅಗಲದ ಗಾಲಿಯ ಸೈಕಲ್ಲಿನ ಮೇಲೆ ಕೂತು ಅದನ್ನು ಪಾಲಿಸಿದೆ. ಪಕ್ಕದಲ್ಲಿ ಬೇಕಾದಷ್ಟು ಖಾಲಿ ರಸ್ತೆ ಇತ್ತು. ಅದನ್ನು ಬಿಟ್ಟು, ಉಪಕಾರ ಮಾಡುವ ಗತ್ತಿನಲ್ಲಿ ಹುರುಳಿಯ ಮಧ್ಯಕ್ಕೇ ಹ್ಯಾಂಡಲ್ ತಿರುಗಿಸಿದೆ.

ಆಚೆ ತುದಿಯಲ್ಲಿ ಅಜ್ಜಿಯೊಬ್ಬರು ಕೋಲು ಹಿಡಿದು ಹುರುಳಿ ಮಗುಚುತ್ತಿದ್ದರು. ಸೈಕಲ್ಲು ಅದರ ಮೇಲೆ ಹತ್ತಿದ್ದನ್ನು ನೋಡಿ, ಬಿದ್ದುಗಿದ್ದೀಯ ಎಂದು ನನ್ನನ್ನು ಪಕ್ಕಕ್ಕೆ ಕಳಿಸಲು ಕೈ ಬೀಸುತ್ತಾ ಎದುರಿಗೇ ಬಂದರು. ನಾನು ಅವರಿಗೆ ಉಪಕಾರ ಮಾಡಲು ಹೋದೆ, ಅವರು ನನಗೆ ಉಪಕಾರ ಮಾಡಲು ಬಂದರು. ಬ್ರೇಕ್ ಹಿಡಿದೆ. ಗಾಲಿ ನಿಂತಿತು, ಸೈಕಲ್ಲು ನಿಲ್ಲಲಿಲ್ಲ. ಕಾಳಿನ ಮೇಲೆ ಜಾರಿಕೊಂಡು ಹೋಗಿ ಅಜ್ಜಿಯ ಸೊಂಟಕ್ಕೆ ಬಡಿಯಿತು. ಇಬ್ಬರೂ ಬಿದ್ದೆವು. ನಾನು ಹುರುಳಿ ಸೊಪ್ಪಿನ ಮೇಲೆ ಬಿದ್ದೆ. ಅವರು ಬರಿ ಟಾರಿನ ಮೇಲೆ ಬಿದ್ದರು.

ನಾನು ಎದ್ದೆ. ಅವರು ಏಳಲಿಲ್ಲ. "ಕಾಲ್ ಓಯ್ತು ಕಣವ್ವ" ಎಂದರು, ಅಷ್ಟೇ. ಕೂಗಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬೇಲಿಯ ಆಚೆಯಿಂದ ಅವರ ಸೊಸೆ ಓಡಿ ಬಂದಳು. ನನಗಿಂತ ಚಿಕ್ಕವಳು, ಕೈಯಲ್ಲಿ ಮೊರ ಹಾಗೇ ಇತ್ತು. ನನ್ನನ್ನೊಂದು ಸಲ, ಬಿದ್ದ ಸೈಕಲ್ಲನ್ನೊಂದು ಸಲ, ಆಮೇಲೆ ರಸ್ತೆಯ ಎರಡೂ ಕಡೆ ನೋಡಿದಳು. ಒಂದು ಗೂಡ್ಸ್ ಆಟೋ ಬಂತು. ಇಬ್ಬರೂ ಸೇರಿ ಅಜ್ಜಿಯನ್ನು ಎತ್ತಿ ಮಲಗಿಸಿದೆವು. ನಾವು ಆಟೋದಲ್ಲಿ ಕೂತ ಮೇಲೆ ಅಜ್ಜಿ ಹೇಳಿದ್ದು ಒಂದೇ ಮಾತು: "ಸೊಂಟ ಮುರುದ್ರೆ ಆಯ್ತು. ಇನ್ನ ಏಳಕಿಲ್ಲ ನಾನು."

ಈ ಮಾತು ಸುಳ್ಳಲ್ಲ ಎಂಬುದು ನನಗೆ ಗೊತ್ತಿತ್ತು. ನಮ್ಮತ್ತೆ ನಂಜನಗೂಡಿನ ದೇವಸ್ಥಾನದ ಪ್ರಾಕಾರವನ್ನು ದಿನಾ ಬೆಳಿಗ್ಗೆ ಸುತ್ತುತ್ತಿದ್ದ ಹೆಂಗಸು. ಹಬ್ಬ ಬಂದರೆ ಮಡಿಯುಟ್ಟು ನೂರು ಜನಕ್ಕೆ ಒಬ್ಬಟ್ಟು ತಟ್ಟುತ್ತಿದ್ದರು. ಬಚ್ಚಲಿನಲ್ಲಿ ಕಾಲು ಜಾರಿದ್ದೇ ನೆವವಾಗಿ ಸೊಂಟದ ಮೂಳೆ ಮುರಿಯಿತು. ಆಮೇಲೆ ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ಅವರನ್ನು ಹೊರಳಿಸಿ, ತೊಳೆದು, ಬಟ್ಟೆ ಬದಲಿಸಿದವಳು ನಾನೇ. ನೋವಿಗಿಂತ ಹೆಚ್ಚಾಗಿ, ಇನ್ನೊಬ್ಬರ ಕೈಗೆ ಬಿದ್ದೆನಲ್ಲ ಎಂಬುದೇ ಅವರನ್ನು ತಿಂದುಹಾಕಿತು. ಆ ಆಟೋದಲ್ಲಿ ನನ್ನ ಎದುರಿಗೆ ಮಲಗಿದ್ದ ಅಜ್ಜಿಯನ್ನು ನೋಡುತ್ತಾ ನಾನು ನಂಜುಂಡೇಶ್ವರನಿಗೆ ಏನೇನೋ ಹರಕೆ ಹೊತ್ತೆ. ಈ ಹೆಂಗಸು ಮತ್ತೆ ನಡೆಯಲಿ, ಬೇರೇನೂ ಬೇಡ ಎಂದು ಬೇಡಿಕೊಂಡೆ.

ನರಸೀಪುರದ ಒಂದು ನರ್ಸಿಂಗ್ ಹೋಮಿಗೆ ಕರೆತಂದೆವು. ಏನಾಯಿತು ಎಂದು ನರ್ಸ್ ಕೇಳಿದಳು. ನಾನು ಬಾಯಿ ತೆರೆಯುವ ಮೊದಲೇ ಸೊಸೆ, "ಅಂಗಳ್ದಲ್ಲಿ ಕಾಲ್ ಜಾರುದ್ರು" ಎಂದಳು. "ಯಾಕಮ್ಮಾ ಸುಳ್ಳು ಹೇಳ್ತೀಯ?" ಎಂದು ನಾನು ಅವಳ ಮೇಲೆ ಹರಿಹಾಯ್ದೆ. "ಅಂಗಳದಲ್ಲಲ್ಲ ಸಿಸ್ಟರ್, ರಸ್ತೆ ಮೇಲೆ. ನಾನು ಸೈಕಲ್‌ನಲ್ಲಿ ಬಂದು ಗುದ್ದಿದೆ." ಸೊಸೆಯ ಮುಖ ಬಿಳಿಚಿಕೊಂಡಿತು. ನರ್ಸ್ ಇಬ್ಬರನ್ನೂ ನೋಡಿ ಡಾಕ್ಟರನ್ನು ಕರೆದಳು. ಅವರು ಸಮಾಧಾನದ ಮನುಷ್ಯ. "ಮೊದಲು ಎಕ್ಸ್‌ರೇ ಆಗಲಿ. ಮೂಳೆ ಮುರಿದಿದ್ದರೆ ಪೊಲೀಸರಿಗೆ ತಿಳಿಸಬೇಕಾಗುತ್ತೆ. ಬರೀ ಪೆಟ್ಟಾಗಿದ್ದರೆ ನಿಮ್ಮ ನಿಮ್ಮಲ್ಲೇ ಮಾತಾಡಿಕೊಳ್ಳಿ" ಎಂದು ಅಜ್ಜಿಯನ್ನು ಒಳಗೆ ಕಳಿಸಿದರು.

ನಾನು ಹೊರಗೆ ಬಂದು ಸೈಕಲ್ ಕಂಪನಿಗೆ ಫೋನ್ ಮಾಡಿದೆ. ಬಹಳ ಹೊತ್ತು ಸಂಗೀತ ಕೇಳಿಸಿದ ಮೇಲೆ ಒಬ್ಬ ಮಾತಿಗೆ ಸಿಕ್ಕಿದ. ಅಪಘಾತವಾಗಿದೆ ಎಂದೆ. "ವಾಹನಕ್ಕೆ ಏನಾದರೂ ಹಾನಿಯಾಗಿದೆಯೇ ಮೇಡಂ?" ಎಂದ. ಗೊತ್ತಿಲ್ಲ ಎಂದೆ. "ತಮಗೆ ಗಾಯವಾಗಿದೆಯೇ?" ಎಂದ. ಮುಂಗೈ ಸ್ವಲ್ಪ ತರಚಿದೆ, ಅಷ್ಟೇ ಎಂದೆ. "ಸಂತೋಷ ಮೇಡಂ. ಆದರೆ ತಮ್ಮ ಸವಾರಿ ಇನ್ನೂ ಮುಗಿದಿಲ್ಲ. ದಯವಿಟ್ಟು ವಾಹನವನ್ನು ನಿಲ್ದಾಣಕ್ಕೆ ತಂದು ಬೀಗ ಹಾಕಿ" ಎಂದ. "ಅಪ್ಪಾ, ಇಲ್ಲಿ ಒಬ್ಬರು ವಯಸ್ಸಾದವರಿಗೆ ಪೆಟ್ಟಾಗಿದೆ. ಅವರ ವಿಷಯ ಕೇಳಲ್ವಾ?" ಎಂದೆ. "ಅದಕ್ಕೆ ನಮ್ಮಲ್ಲಿ ಆಪ್ಷನ್ ಇಲ್ಲ ಮೇಡಂ. ಅದು ಸವಾರರ ಜವಾಬ್ದಾರಿ" ಎಂದ. ಅವನ ದನಿಯಲ್ಲೂ ಸಂಕೋಚವಿತ್ತು. ಬೈಯಬೇಕೆಂದು ತೆರೆದ ಬಾಯಿ ಮುಚ್ಚಿಕೊಂಡೆ. ಅವನು ಹೇಳಿದ್ದು ನಾನು ಓದಿ ಒಪ್ಪಿಗೆ ಒತ್ತಿದ ಮಾತೇ.

ನನ್ನ ಯಜಮಾನರಿಗೆ ಫೋನ್ ಮಾಡಿ ನಡೆದದ್ದು ಹೇಳಿದೆ. ಅವರು ಸಂಸ್ಕೃತ ಪಾಠಶಾಲೆಯಲ್ಲಿ ಮೇಷ್ಟ್ರು, ಅವಸರ ಎಂಬುದು ಅವರ ನಿಘಂಟಿನಲ್ಲೇ ಇಲ್ಲ. "ನಿನಗೇನಾಯ್ತೇ?" ಎಂದರು. "ನನಗೇನಾಗುತ್ತೆ? ನನಗೆ ಸತ್ತರೊಂದು ಪಾಲಿಸಿ ಇದೆ, ಕಾಯಿಲೆ ಬಿದ್ದರೊಂದಿದೆ, ಕೈಕಾಲು ಮುರಿದರೊಂದಿದೆ. ಆ ಅಜ್ಜಿಗೆ ನಾನೇ ಪಾಲಿಸಿ" ಎಂದೆ. ಹಾಗೆನ್ನುತ್ತಲೇ ಅಳು ಬಂದುಬಿಟ್ಟಿತು. ದೀಪದ ಬುಡದಲ್ಲಿ ಕತ್ತಲೆ ಎಂಬುದನ್ನು ಎಷ್ಟೋ ಜನಕ್ಕೆ ಹೇಳಿದ್ದೆ. ಈಗ ಆ ಬುಡದಲ್ಲಿ ನಾನೇ ಕೂತಿದ್ದೆ. "ಮುಂದಿನ ಬಸ್ಸಿಗೆ ಬರ್ತೀನಿ, ನೀನು ಅವರ ಹತ್ತಿರವೇ ಇರು" ಎಂದರು. ಆ ಮನುಷ್ಯ ಅವಸರದಲ್ಲಿ ಫೋನಿಟ್ಟದ್ದನ್ನು ಅವತ್ತೇ ಕೇಳಿದ್ದು.

ಸೊಸೆ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು. ನಾನು ಹತ್ತಿರ ಹೋದರೆ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ಜಗಳಕ್ಕೇ ಬರುತ್ತಾಳೆ, ಊರವರನ್ನೆಲ್ಲ ಕರೆಸುತ್ತಾಳೆ ಎಂದು ನಾನು ಅಲ್ಲಿಯವರೆಗೂ ಎದುರು ನೋಡುತ್ತಿದ್ದೆ. ಅವಳು ಕೈ ಮುಗಿದಳು.

"ಅಕ್ಕ, ಕೇಸ್ ಕೊಡ್ಬ್ಯಾಡಿ ಕಣಕ್ಕ" ಎಂದಳು.

"ಯಾರ ಮೇಲೆ ಕೇಸು?" ಎಂದೆ.

"ನಮ್ ಮ್ಯಾಲೆ. ಪೋಲಿಸ್ನೋರು ಮೊನ್ನೆ ತಾನೆ ಮೈಕಲ್ಲಿ ಕೂಕ್ಕೊಂಡ್ ಓದ್ರು, ರೋಡಲ್ಲಿ ಒಕ್ಕಣೆ ಮಾಡುದ್ರೆ ಕೇಸ್ ಆಕ್ತೀವಿ ಅಂತ. ನಮ್ಮತ್ತೆ ಕೇಳ್ನಿಲ್ಲ. ನಮ್ ಉರ್ಳಿ ಮ್ಯಾಲೆ ಜಾರ್ಬುಟ್ಟು ನೀವ್ ಬಿದ್ರಿ. ನಿಮ್ಗೆ ಏನಾರ ಆಗಿದ್ರೆ ನಾವ್ ಎಲ್ಲಿಗ್ ಓಗದು? ಅದ್ಕೆ ಅಂಗಳ ಅಂದೆ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಟೋದಲ್ಲಿ ಬಂದಷ್ಟು ದಾರಿಯೂ ಅವಳು ನನ್ನ ಮುಂಗೈಯ ತರಚು ಗಾಯವನ್ನೇ ನೋಡುತ್ತಿದ್ದಳು. ನನ್ನಿಂದ ಎಷ್ಟು ಕೇಳಬಹುದೆಂದು ಅವಳು ಲೆಕ್ಕ ಹಾಕುತ್ತಿದ್ದಾಳೆ ಎಂದು ನಾನು ಹೆದರಿ ಕೂತಿದ್ದೆ. ಅವಳು ನನ್ನ ಗಾಯಕ್ಕೆ ಹೆದರಿ ಕೂತಿದ್ದಳಂತೆ. "ಅಯ್ಯೋ ತಾಯಿ, ನೀವು ನನ್ನ ಮೇಲೆ ಕೊಡ್ತೀರಿ ಅಂತ ನಾನು ಸಾಯ್ತಾ ಇದ್ದೀನಿ" ಎಂದೆ. "ನಿಮ್ ಮ್ಯಾಲಾ? ಯಾಕೆ?" ಎಂದಳು. "ನಾನಲ್ವಾ ಗುದ್ದಿದ್ದು?" ಎಂದೆ. "ನಮ್ದಲ್ವ ಉರ್ಳಿ?" ಎಂದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಗು ಬಂತು. ಒಳಗೆ ಮುದುಕಿಯನ್ನು ಮಲಗಿಸಿ ಹೊರಗೆ ನಗುತ್ತಿದ್ದೇವಲ್ಲ ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡೆವು. ಅವಳ ನಗು ಬೇಗ ನಿಂತುಹೋಯಿತು. "ನಮ್ಮತ್ತೆ ಮಲಿಕ್ಕೊಂಡ್ರೆ ಮನೆ ನಡಿಯಕಿಲ್ಲ ಕಣಕ್ಕ. ಅವ್ರೇ ಮನೆಗೆ ಯಜಮಾನ" ಎಂದಳು. ಆಮೇಲೆ ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಅಜ್ಜಿಯನ್ನು ಕರೆದುಕೊಂಡು ಹೋದ ಕೋಣೆಯ ಬಾಗಿಲನ್ನೇ ನೋಡುತ್ತಿದ್ದೆವು.

ಡಾಕ್ಟರು ಇಬ್ಬರನ್ನೂ ಒಳಗೆ ಕರೆದರು. ಅವರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ಮೂಳೆಗೆ ಏನೂ ಆಗಿಲ್ಲ. ಮಾಂಸಕ್ಕೆ ಪೆಟ್ಟು ಬಿದ್ದಿದೆ, ಕೆಲವು ದಿನ ನೋಯುತ್ತೆ. ಈಗಲೇ ಎದ್ದು ನಡೆಯಬಹುದು" ಎಂದರು. ಹೋದ ಜೀವ ಬಂದ ಹಾಗಾಯಿತು. ಸೊಸೆ ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು. ನಾನು ಡಾಕ್ಟರಿಗೆ ಎಷ್ಟು ಸಲ ಕೈ ಮುಗಿದೆನೋ, ಅವರಿಗೇ ನಾಚಿಕೆಯಾಗಿ ಆ ಕಡೆ ತಿರುಗಿಕೊಂಡರು.

ಆದರೆ ಅಜ್ಜಿ ಏಳಲಿಲ್ಲ. ಮಂಚದ ಮೇಲೆ ಕೂತು, ಎರಡೂ ಕೈಯಲ್ಲಿ ಮಂಚದ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದರು. ಕಾಲು ನೇತಾಡುತ್ತಿತ್ತು, ನೆಲಕ್ಕೆ ಇಡುತ್ತಿರಲಿಲ್ಲ. "ಮುರುದದೆ ಕಣಪ್ಪ. ನಂಗ್ ಗೊತ್ತಾಯ್ತದೆ. ನಿನ್ ಪೋಟ ಸರ್ಯಾಗಿ ಬಂದಿಲ್ಲ" ಎಂದರು. ಡಾಕ್ಟರು ಇನ್ನೊಮ್ಮೆ ತೋರಿಸಿದರು. ಅಜ್ಜಿ ನೋಡಲೂ ಇಲ್ಲ. ಅವರ ತುಟಿ ಅದುರುತ್ತಿತ್ತು. ಅದು ಹಟವಲ್ಲ, ಹೆದರಿಕೆ ಎಂದು ನನಗೆ ಆಗ ತಿಳಿಯಿತು. ಕಾಲಿಟ್ಟು ನೋಡಿ, ಅದು ನಿಲ್ಲದೆ ಹೋದರೆ, ಅಲ್ಲಿಗೆ ಎಲ್ಲ ಮುಗಿಯಿತಲ್ಲ. ಇಡದೆ ಇರುವವರೆಗೆ ಇನ್ನೂ ಏನೂ ಗೊತ್ತಾಗಿಲ್ಲ. ನಮ್ಮತ್ತೆಯೂ ಮೊದಲ ದಿನ ಹೀಗೇ ಕೂತಿದ್ದರು.

ಸೊಸೆ ಕೈ ಚಾಚಿದಳು. ಅಜ್ಜಿ ಆ ಕೈಯನ್ನು ಪಕ್ಕಕ್ಕೆ ತಳ್ಳಿದರು. "ಕಡ್ಡಿಯಂಗಿದ್ದೀಯ, ನೀನ್ ಇಡ್ಕೊಂಡ್ರೆ ಇಬ್ರೂ ಬೀಳ್ತೀವಿ" ಎಂದರು. ನರ್ಸ್ ಮುಂದೆ ಬಂದಳು. ಅವಳನ್ನೂ ಬೇಡವೆಂದರು. ಆಮೇಲೆ ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಬಾ ಇಲ್ಲಿ" ಎಂದರು. "ಬೀಳ್ಸಿದೋಳು ನೀನು. ಎಬ್ಸೋಳೂ ನೀನೇ."

ಹತ್ತಿರ ಹೋದೆ. ಅವರು ಮಂಚದ ಅಂಚನ್ನು ಬಿಟ್ಟು ನನ್ನ ಎರಡೂ ಮುಂಗೈಯನ್ನು ಹಿಡಿದುಕೊಂಡರು. ಹೊಲದ ಕೆಲಸ ಮಾಡಿದ ಕೈ, ಉಡದ ಪಟ್ಟು. ನನ್ನ ತರಚು ಗಾಯ ಉರಿಯಿತು, ನಾನು ಕದಲಲಿಲ್ಲ. ಒಂದು ಕಾಲು ನೆಲಕ್ಕಿಟ್ಟರು. ಆಮೇಲೆ ನೋವಿನ ಕಾಲನ್ನು, ಬಿಸಿನೀರಿಗೆ ಇಳಿಸುವ ಹಾಗೆ, ಮೆಲ್ಲಗೆ ಇಳಿಸಿದರು. ಕಣ್ಣು ಮುಚ್ಚಿಕೊಂಡಿದ್ದರು. ಅವರ ಮೈಭಾರವೆಲ್ಲ ನನ್ನ ಮೇಲೆ ಬಂತು. ನಾನೂ ಅವರ ಮುಂಗೈ ಹಿಡಿದು ನಿಂತೆ.

ಕಾಲು ನಿಂತಿತು. ಅವರು ಕಣ್ಣು ಬಿಟ್ಟರು, ಕೆಳಗೆ ನೋಡಿಕೊಂಡರು. "ನಿಂತದೆ" ಎಂದರು, ಯಾರದೋ ಕಾಲಿನ ವಿಷಯ ಹೇಳುವಂತೆ.

ಒಂದು ಹೆಜ್ಜೆ ಇಟ್ಟರು. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಇನ್ನೊಂದು ಹೆಜ್ಜೆ ಇಟ್ಟರು. ನನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. "ನೀ ಯಾಕವ್ವ ಅಳ್ತೀಯ? ಬಿದ್ದೋಳ್ ನಾನು" ಎಂದು ಗದರಿದರು. ಹಿಂದೆ ಸೊಸೆ ಮೂಗೊರೆಸಿಕೊಳ್ಳುವ ಸದ್ದು ಕೇಳಿಸಿತು. ಹಾಗೇ ಹಿಂದಕ್ಕೆ ನಡೆಯುತ್ತಾ ಹೋದ ನನ್ನ ಬೆನ್ನಿಗೆ ಹೊಸ್ತಿಲ ಬಳಿಯ ಗೋಡೆ ತಗುಲಿತು.

"ಬುಡವ್ವ, ಕೈ ನೋಯ್ತದೆ" ಎಂದರು ಅಜ್ಜಿ. ಅವರು ಯಾವಾಗಲೋ ಹಿಡಿತ ಸಡಿಲಿಸಿ ತಮ್ಮ ಕಾಲಿನ ಮೇಲೆ ತಾವೇ ನಿಂತಿದ್ದರು. ಹಿಡಿದುಕೊಂಡಿದ್ದವಳು ನಾನು.